ಪಕ್ಕದವನ ರುಮಾಲು

ಪೆಟ್ರೋಲು ಸಿಗದ ಯುದ್ಧದ ದಿನಗಳು. ಸವಣೂರಿನಿಂದ ಹೊರಟ, ಇದ್ದಿಲಿನಿಂದ ಓಡುವ ಮೋಟಾರಿನಲ್ಲಿ, ಪಕ್ಕದಲ್ಲಿ ಕುಳಿತಿದ್ದ ಗೌಡ ತನ್ನ ತಲೆಯ ರುಮಾಲು ತೆಗೆದು ನನ್ನ ಕೈಗಿಟ್ಟ.

"ಕುಡಿಯೂದು ಬಿಡ್ತೇನಂತ ಹುಲಗೂರ ದರ್ಗಾದಾಗ ಆಣಿ ಮಾಡಾಕ ಹೊಂಟೇನ್ರಿ. ಅಲ್ಲೀಮಟ ಇದನ್ನ ಕೊಡಬ್ಯಾಡ್ರಿ."

ಬರಿತಲೆಯಲ್ಲಿ ಗೌಡನಾದವನು ಬೀದಿಗಿಳಿಯುವ ಕಾಲವಲ್ಲ ಅದು.

ಇದ್ದಿಲು ತುಂಬಲು ಶಿಗ್ಗಾವಿಯಲ್ಲಿ ಮೋಟಾರು ನಿಂತಿತು, ಶೇಂದಿ ಅಂಗಡಿಯ ಎದುರಿಗೇ. ಅವನು ನನ್ನತ್ತ ಕೈ ಚಾಚಿದ.

"ಕೊಡ್ರಿ."

"ಕೊಡೂದಿಲ್ಲ."

"ನಿಮ್ಮಪ್ಪಂದೇನಲೇ ಅದು?"

ರುಮಾಲನ್ನು ಕಂಕುಳಲ್ಲಿ ಅವುಚಿಕೊಂಡೆ. ಮೋಟಾರು ಹೊರಡುವವರೆಗೂ ನನ್ನ ಕುಲವನ್ನೆಲ್ಲ ಬೈದ. ಇಳಿಯಲಿಲ್ಲ.

ಹುಲಗೂರಿನಲ್ಲಿ ರುಮಾಲು ಸುತ್ತಿಕೊಳ್ಳುತ್ತ ಕೇಳಿದ, "ನೀವು ಕುಡಿಯೂದಿಲ್ಲೇನ್ರಿ?"

"ಇಲ್ಲ."

"ಅದಕ್ಕ ನಾ ಉಳದೆ. ಕುಡಿಯಾವರಾಗಿದ್ರ ಕನಿಕರ ಬಂದು ಕೊಟ್ಟಬಿಡತಿದ್ರಿ."

ಕೈಮುಗಿದು ದರ್ಗಾದತ್ತ ನಡೆದ. ನನ್ನ ಕಲ್ಲುಮನಸ್ಸಿಗೆ ಯಾರಾದರೂ ಕೈಮುಗಿದದ್ದು ಅದೊಂದೇ ಸಲ. ಮನೆಯಲ್ಲಿ ಹೇಳಿದರೆ ನಂಬಲಿಲ್ಲ.