ತಡಮಾಡಿ ಬಂದ ಉತ್ತರ

ನಾನು ಹೊಟ್ಟೆಕಿಚ್ಚಿನವಳಲ್ಲ ಎಂದು ಇಷ್ಟು ವರ್ಷ ನಂಬಿಕೊಂಡೇ ಬಂದಿದ್ದೆ. ಎನ್ವಿ ಎಂಬುದು ದೊಡ್ಡ ಸಿನ್ ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ನಾನದನ್ನು ಚೆಂದದ ಹ್ಯಾಂಡ್‌ರೈಟಿಂಗಿನಲ್ಲಿ ಬರೆದು ಪಾಸೂ ಆಗಿದ್ದೆ.

ಮೊಮ್ಮಗಳು ಪೂರ್ವಿ ನಮ್ಮ ಕೇಶ್ವಾಪುರದ ಮಹಿಳಾ ಮಂಡಳಕ್ಕೊಂದು ಅಡಿಗೆಯ ವೆಬ್‌ಸೈಟ್ ಮಾಡಿಕೊಟ್ಟಿದ್ದಾಳೆ. ಯಾರ ಹೆಸರು ಒತ್ತಿದರೆ ಅವರ ಅಡಿಗೆ ಕೆಳಗೆ ಬರುತ್ತದೆ. ನನ್ನವು ಎರಡೇ: ಎಣ್ಣೆಗಾಯಿ, ಕಸ್ಟರ್ಡ್. ಧಾರವಾಡದ ಕಾಲೇಜು ದಿನಗಳ ಗೆಳತಿ ವಿಮಲಾಳವು ಮೂವತ್ತಾರು, ಎಲ್ಲಕ್ಕೂ ಫೋಟೋ. ಪರೀಕ್ಷೆಯಲ್ಲೂ ಸಪ್ಲಿಮೆಂಟ್ ಶೀಟ್‌ಗೆ ಮೊದಲು ಏಳುತ್ತಿದ್ದವಳು ಅವಳೇ.

ಒಂದು ಮುಂಜಾನೆ ನೋಡುತ್ತೇನೆ, ಮೇಲೆ ನನ್ನ ಹೆಸರು, ಕೆಳಗೆ ವಿಮಲಾಳ ಮೂವತ್ತಾರು. ನನ್ನ ಎಣ್ಣೆಗಾಯಿ ಕಣ್ಣೆದುರೇ ಬಂದು ಮಾಯವಾಗಿತ್ತು.

ಪೂರ್ವಿ ನನ್ನ ಹೆಸರು ಒತ್ತಿ ನೋಡಿದಳು. "ಬರೊಬ್ಬರಿ ಐತಲ್ಲಜ್ಜಿ. ನಿಮ್ಮ ಹೆಸರಿಗಿಂತ ಮೊದಲ ಯಾರ ಹೆಸರು ಒತ್ತಿದ್ರಿ?"

"ಯಾರದೂ ಇಲ್ಲವ್ವ."

"ಖರೇ ಹೇಳ್ರಿ. ಇಲ್ಲಾಂದ್ರ ತಪ್ಪು ಸಿಗೂದಿಲ್ಲ."

ಹೇಳದಿದ್ದರೆ ವಿಮಲಾಳ ಸಿಹಿ ಮಾದಲಿ ನನ್ನ ಹೆಸರಿನಡಿ ಕೂತೇ ಇರುತ್ತದೆ. ಹೇಳಿದರೆ ಅಜ್ಜಿಯ ಮರ್ಯಾದೆ ಹೋಗುತ್ತದೆ. ವಿಮಲಾ ಹೊಸದೇನು ಹಾಕಿದ್ದಾಳೆಂದು ದಿನಾ ಮೊದಲು ಒತ್ತುವುದು ಅವಳ ಹೆಸರನ್ನೇ; ಅದು ತೆರೆಯುವ ಮೊದಲೇ, ತಡೆಯಲಾರದೆ, ನನ್ನದನ್ನೂ ಒತ್ತುತ್ತೇನೆ.

"ವಿಮಲಾಂದು," ಎಂದೆ, ಕ್ಯಾಲೆಂಡರ್ ನೋಡುತ್ತ.

ಪೂರ್ವಿ ನಗಲಿಲ್ಲ; ಅದೇ ಹೆಚ್ಚು ಚುಚ್ಚಿತು. ಹೆಸರು ಒತ್ತುವುದೆಂದರೆ ದೂರದ ಕಂಪ್ಯೂಟರಿಗೊಂದು ಪ್ರಶ್ನೆ ಕಳಿಸಿದಂತೆ; ಪ್ರಶ್ನೆಗಳು ಒಂದರ ಹಿಂದೊಂದು ಹೋದರೂ ಉತ್ತರಗಳು ಅದೇ ಪಾಳಿಯಲ್ಲಿ ಬರುವುದಿಲ್ಲವಂತೆ. ವಿಮಲಾಳ ಫೋಟೋಗಳ ಹೊರೆ ನಿಧಾನಕ್ಕೆ ಬಂದು ನನ್ನದರ ಮೇಲೆ ಕೂತಿತ್ತು. ನೆಟ್‌ವರ್ಕ್ ಕೈಕೊಟ್ಟರೆ ಹಗುರದ್ದೂ ಹಿಂದೆ ಬೀಳಬಹುದಂತೆ. ಪೂರ್ವಿ ಈಗ ಪ್ರತಿ ಪ್ರಶ್ನೆಗೂ ನಂಬರ್ ಹಚ್ಚಿದಳು. ಬಂದ ಉತ್ತರ ಕಡೆಯ ನಂಬರಿನದಲ್ಲದಿದ್ದರೆ ಅದು ಕಸದಬುಟ್ಟಿಗೆ.

ಮನುಷ್ಯರಿಗೆ ಈ ಅರೇಂಜ್‌ಮೆಂಟ್ ಇಲ್ಲ. ವಿಮಲಾ ಹೆಚ್ಚೋ ನಾನೋ ಎಂದು ಇಪ್ಪತ್ತರಲ್ಲಿ ಕನ್ನಡಿಗೆ ಕೇಳಿದ್ದೆ. ಎಪ್ಪತ್ತೆರಡರಲ್ಲೂ ಉತ್ತರ ಬರುತ್ತಲೇ ಇದೆ, ಮಧ್ಯೆ ನಾನು ಕೇಳಿದ ಒಳ್ಳೆಯ ಪ್ರಶ್ನೆಗಳನ್ನೆಲ್ಲ ಮುಚ್ಚಿಕೊಂಡು.

ಲ್ಯಾಪ್‌ಟಾಪ್ ಮುಚ್ಚುತ್ತ ಪೂರ್ವಿ ಅಂದಳು: "ವಿಮಲಾ ಅಜ್ಜಿನೂ ಹೋದ ವಾರ ಫೋನ್ ಮಾಡಿದ್ರು. ಅವರ ಹೆಸರಿನ ಕೆಳಗ ನಿಮ್ಮ ಕಸ್ಟರ್ಡ್ ಬಂದಿತ್ತಂತ. ಮೊದಲ ಯಾರದು ಒತ್ತಿದ್ರಿ ಅಂತ ನಾ ಕೇಳಿದ್ರ, ಫೋನ್ ಇಟ್ಟಬಿಟ್ರು."

ಆ ಸಂಜೆ ಬಹಳ ದಿನದ ಮೇಲೆ ವಿಮಲಾಳ ಮನೆಗೆ ಹೋದೆ.

"ಏನ, ಹಾದಿ ತಪ್ಪಿ ಬಂದಿ?" ಎಂದಳು.

"ಸುಮ್ಮನ," ಎಂದೆ.

ಅವಳು ಹೆಚ್ಚೇನೂ ಕೇಳದೆ ಚಹಾಕ್ಕಿಟ್ಟಳು. ನಾನೂ ಕೇಳಲಿಲ್ಲ. ಅವಳ ಮುಂದೆ ಅಷ್ಟು ಆರಾಮಾಗಿ ನಾನು ಎಂದೂ ಕೂತಿರಲಿಲ್ಲ.