ಹೊಗಳಲು ಬಾರದ ಕಾಲೇಜು

ನಾನು ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ನಮ್ಮ ಮನೆಗೆ ಎರಡು ಕಾಲೇಜುಗಳ ಪ್ರಚಾರಪತ್ರಗಳು ಬಂದವು. ಒಂದು ಹಾವೇರಿಯ ದೊಡ್ಡ ಕಾಮರ್ಸ್ ಕಾಲೇಜಿನದು. ಅದರಲ್ಲಿ ಟೈ ಕಟ್ಟಿದ ಹುಡುಗರು ಕಂಪ್ಯೂಟರಿನ ಪಕ್ಕ ಕೈಕಟ್ಟಿ ನಿಂತಿದ್ದರು. ಇನ್ನೊಂದು, ರಾಣೆಬೆನ್ನೂರಿನ ಹೊರಗೆ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಸಣ್ಣ ಕಲಾ ಕಾಲೇಜಿನದು. ಅದರಲ್ಲಿದ್ದುದು ಒಂದು ಮಾವಿನ ಮರ, ಅದರ ಬುಡದಲ್ಲಿ ಪುಸ್ತಕ ಹಿಡಿದು ಕುಳಿತ ನಾಲ್ಕೈದು ಹುಡುಗಿಯರು. ಒಬ್ಬಳು ಹಲ್ಲು ಕಾಣುವಂತೆ ನಗುತ್ತಿದ್ದಳು. ಪಠ್ಯಪುಸ್ತಕ ಹಿಡಿದು ಯಾರಾದರೂ ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಅಲ್ಲಿಗೇ ಹೋಗಬೇಕು ಎಂದು ಹಟ ಹಿಡಿದೆ.

ಅಪ್ಪನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಮುರಿದು, ಮೂಸಿ, ಬೀಜ ಉದುರಿಸಿ ನೋಡದೆ ಅವರು ಯಾವ ಮಾಲನ್ನೂ ನಂಬಿದವರಲ್ಲ. “ಬಿ.ಕಾಂ. ಮಾಡಿದ್ರ ಅಂಗಡಿಗಾದ್ರೂ ಉಪಯೋಗ ಬರ್ತಿ. ಆದ್ರೂ ನೋಡಿ ಬರೂಣು. ನೋಡಾಕ ರೊಕ್ಕ ಏನಿಲ್ಲ” ಎಂದರು. ಅವರ ಅಕ್ಕ, ನಮ್ಮ ಜೊತೆಯೇ ಇದ್ದ ನನ್ನ ಸೋದರತ್ತೆ, ಯಾರೂ ಕರೆಯದಿದ್ದರೂ ಇಳಕಲ್ ಸೀರೆ ಉಟ್ಟು ಹೊರಟು ನಿಂತರು. “ಹುಡುಗಿ ಇರೋ ಜಗಾ ಹೆಂಗಸರು ನೋಡಬೇಕು. ನೀ ಬರೇ ಗ್ವಾಡಿ ಬಾಗಿಲಾ ನೋಡಿ ಬರ್ತಿ.”

ಬಸ್ಸು ಮೋಟೆಬೆನ್ನೂರು ದಾಟುವಾಗ ಅಪ್ಪನ ಹೊಸ ಮೊಬೈಲು ಕೂಗಿತು. ಮೊಬೈಲುಗಳು ಆಗಷ್ಟೇ ನಮ್ಮ ಪೇಟೆಗೆ ಬಂದಿದ್ದವು. ಅಪ್ಪ ಅದನ್ನು ಎಲ್ಲರಿಗೂ ಕಾಣುವಂತೆ ಅಂಗಿಯ ಜೇಬಿನಲ್ಲಿ ಇಡುತ್ತಿದ್ದರು. ಈಗ ಒಂದು ಕಿವಿ ಮುಚ್ಚಿಕೊಂಡು, “ಇಲ್ಲೇ ಅಂಗಡ್ಯಾಗ ಅದೇನಿ. ಮಂದಿ ಭಾಳ ಅದಾರ, ಆಮ್ಯಾಲೆ ಮಾತಾಡ್ತೇನಿ” ಎಂದರು. ಕಂಡಕ್ಟರು ಅದೇ ಹೊತ್ತಿಗೆ ಸೀಟಿ ಊದಿದ.

ಅಪ್ಪ ಮೊದಲೇ ಫೋನು ಮಾಡಿದ್ದರಿಂದ ಕಾಲೇಜಿನ ಗೇಟಿನಲ್ಲಿ ಪ್ರಿನ್ಸಿಪಾಲರೇ ನಮಗಾಗಿ ಕಾಯುತ್ತಿದ್ದರು. ಕರಾವಳಿ ಕಡೆಯ ತೆಳ್ಳಗಿನ ಸಿಸ್ಟರ್. ಅವರ ಕನ್ನಡ ಪೂರ್ತಿ ಅಚ್ಚಿನದು. “ದಯವಿಟ್ಟು ಒಳಗೆ ಬನ್ನಿ. ಪ್ರಯಾಣ ಸುಖಕರವಾಗಿತ್ತೇ?” ಎಂದರು. ಅತ್ತೆ ನನ್ನ ಕಿವಿಯಲ್ಲಿ, “ಈಕಿ ರೇಡಿಯೋದಾಗ ವಾರ್ತೆ ಓದಿದಂಗ ಮಾತಾಡ್ತಾಳಲ್ಲ” ಎಂದರು.

ನಾನು ಮೊದಲು ಹುಡುಕಿದ್ದು ಮಾವಿನ ಮರವನ್ನು. ಮರ ಇತ್ತು, ಬುಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಇಲ್ಲಿ ಯಾರೂ ಕೂತು ಓದುವುದಿಲ್ಲವೇ ಎಂದು ಕೇಳಿದೆ.

“ಇಲ್ಲ” ಎಂದರು ಸಿಸ್ಟರ್. “ಅದರ ತುಂಬ ಕೆಂಪಿರುವೆ ಉಂಟು. ಫೋಟೋ ತೆಗೆಯುವಾಗ ಸ್ವಲ್ಪ ಹೊತ್ತು ಕುಳಿತಿದ್ದರು. ಆಮೇಲೆ ಎಲ್ಲರೂ ಎದ್ದು ಓಡಿದರು.”

“ಆಕಿ ನಗಾಕತ್ತಿದ್ಲಲ್ರಿ, ಫೋಟೋದಾಗ?” ಎಂದೆ.

“ಪಕ್ಕದವಳಿಗೆ ಇರುವೆ ಕಚ್ಚಿದ್ದನ್ನು ನೋಡಿ ನಕ್ಕಳು.”

ಅಪ್ಪ ನನ್ನ ಮುಖ ನೋಡಿದರು. ನಾನು ಕಾಂಪೌಂಡಿನ ಕಡೆ ನೋಡಿದೆ.

ಕಚೇರಿಯಲ್ಲಿ ಕುಳಿತ ಮೇಲೆ ಅಪ್ಪ ವ್ಯಾಪಾರಕ್ಕೆ ಇಳಿದರು. “ನಿಮ್ಮಲ್ಲಿ ಕಲ್ತವರಿಗೆ ನೌಕರಿ ಸಿಗ್ತೈತೇನ್ರಿ? ಹಾವೇರಿಯವರು ಗ್ಯಾರಂಟಿ ಅಂತಾರ.”

“ಸಿಗಬಹುದು. ಸಿಗದೆಯೂ ಇರಬಹುದು.”

“ಕಂಪ್ಯೂಟರ್ ಎಷ್ಟು ಅದಾವ?”

“ಇವೆ. ಆದರೆ ಕೆಲವು ಕೆಟ್ಟಿವೆ.”

“ಹಂಗಾರ ನೀವು ಕೊಡೋದು ಏನ್ರಿ?”

ಸಿಸ್ಟರ್ ಇದಕ್ಕೆ ಮಾತ್ರ ಉತ್ಸಾಹದಿಂದ ಮುಂದೆ ಬಾಗಿದರು. ಇತಿಹಾಸ ಓದುವವರು ಇಲ್ಲಿ ಸ್ವಲ್ಪ ವಿಜ್ಞಾನವನ್ನೂ ಓದಬೇಕು. ಅರ್ಥಶಾಸ್ತ್ರದವರು ಕವಿತೆ ಓದಬೇಕು. ಎಲ್ಲರೂ ಹಾಡಬೇಕು, ಇಲ್ಲವೇ ತೋಟದಲ್ಲಿ ಅಗೆಯಬೇಕು. ಪ್ರತಿ ಶುಕ್ರವಾರ ಚರ್ಚೆ ಮಾಡಬೇಕು. ತರಗತಿಗಳು ಎಷ್ಟು ಸಣ್ಣವೆಂದರೆ ಯಾರೂ ಹಿಂದೆ ಅಡಗಿ ಕೂರಲು ಸಾಧ್ಯವಿಲ್ಲ. “ಒಬ್ಬ ಮನುಷ್ಯ ಎಲ್ಲದರ ಬಗ್ಗೆ ಸ್ವಲ್ಪ ಸ್ವಲ್ಪ ಯೋಚಿಸಲು ಕಲಿಯಬೇಕು” ಎಂದರು.

“ಅಂದ್ರ ಮಿಕ್ಸ್ ಮಾಲು” ಎಂದರು ಅಪ್ಪ. “ನಮ್ಮ ಪ್ಯಾಟ್ಯಾಗ ಮಿಕ್ಸ್ ಮಾಲಿಗೆ ದರ ಇಲ್ರಿ.”

ಸಿಸ್ಟರಿಗೆ ಅರ್ಥವಾಗಲಿಲ್ಲ. ಅತ್ತೆ ಅಪ್ಪನ ಕಡೆ ತಿರುಗಿ, “ಬರೇ ಮೆಣಸಿನಕಾಯಿ ಹಾಕಿದ್ರ ಸಾರು ಆಗ್ತೈತೇನೋ? ಸುಮ್ಮನ ಕುಂದ್ರು” ಎಂದು, ತಮ್ಮ ಪ್ರಶ್ನೆಗೆ ಬಂದರು. “ಅವ್ವಾ, ಸಿಟ್ಟಾಗಬ್ಯಾಡ್ರಿ. ನಮ್ಮ ಹುಡುಗಿ ಕೊಳ್ಳಾಗ ಶಿಲುಬಿ ಹಾಕಸ್ತೀರೇನು?”

“ಇಲ್ಲಮ್ಮ. ಬೆಳಿಗ್ಗೆ ಎಲ್ಲರೂ ಐದು ನಿಮಿಷ ಮೌನವಾಗಿ ಕೂರುತ್ತೇವೆ. ಅವರವರ ದೇವರನ್ನು ಅವರವರು ನೆನೆಯಬಹುದು.”

“ನಮ್ಮ ಪೂಜಿ ಐದು ನಿಮಿಷದಾಗ ಮುಗಿಯಂಗಿಲ್ರಿ.”

“ಹಾಗಾದರೆ ಬೇಗ ಏಳಬೇಕು.”

ಈ ಉತ್ತರ ಅತ್ತೆಗೆ ಬಹಳ ಹಿಡಿಸಿತು. ಹತ್ತು ವರ್ಷದಿಂದ ಅವರು ನನಗೆ ಅದನ್ನೇ ಹೇಳುತ್ತಿದ್ದರು.

ಮಧ್ಯಾಹ್ನ ಹಾಸ್ಟೆಲಿನಲ್ಲಿ ಊಟ. ತಟ್ಟೆಯಲ್ಲಿ ದಪ್ಪ ಕೆಂಪು ಕುಚ್ಚಲಕ್ಕಿ ಅನ್ನ ಬಂತು. ಅತ್ತೆ ಒಂದು ಅಗುಳನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದರು. “ಇದು ಅಕ್ಕಿಯೋ, ಅಲಸಂದಿ ಕಾಳೋ?” ವಾರಕ್ಕೆ ಎರಡು ದಿನ ಮಾತ್ರ ಜೋಳದ ರೊಟ್ಟಿ ಎಂದು ತಿಳಿದಾಗ ಅವರ ಮುಖ ಗಂಭೀರವಾಯಿತು. ದೇವರ ವಿಷಯದಲ್ಲಿ ಇಲ್ಲದ ಚೌಕಾಸಿ ರೊಟ್ಟಿಯ ವಿಷಯದಲ್ಲಿ ಶುರುವಾಯಿತು. ಸಿಸ್ಟರ್ “ಅದು ಕಷ್ಟ ಉಂಟು” ಎಂದರು. ಅತ್ತೆ ಬಿಡಲಿಲ್ಲ. ಕೊನೆಗೆ ದಿನವೂ ಮಧ್ಯಾಹ್ನ ರೊಟ್ಟಿ ಎಂದು ತೀರ್ಮಾನವಾಗಿ, ಪಕ್ಕದ ಮೇಜಿನ ಹುಡುಗಿಯರೆಲ್ಲ ಅತ್ತೆಯನ್ನು ಭಕ್ತಿಯಿಂದ ನೋಡತೊಡಗಿದರು.

ಅಂದು ಶುಕ್ರವಾರ. ಊಟದ ನಂತರ ಸಿಸ್ಟರ್ ನಮ್ಮನ್ನು ಚರ್ಚಾಕೂಟಕ್ಕೆ ಕರೆದೊಯ್ದು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ವಿಷಯ: ಮೊಬೈಲ್ ಫೋನು ಮನುಷ್ಯರನ್ನು ಹತ್ತಿರ ತರುತ್ತದೆಯೇ? ಕರ್ಜಗಿಯ ಒಬ್ಬ ಹುಡುಗಿ, ಎರಡು ಜಡೆಯವಳು, ತರುವುದಿಲ್ಲ ಎಂದು ವಾದಿಸುತ್ತಿದ್ದಳು. ಅಪ್ಪ ಮೊದಲು ನಕ್ಕರು, ಆಮೇಲೆ ಚಡಪಡಿಸಿದರು. ಬಂದವರು ಯಾರಾದರೂ ಪ್ರಶ್ನೆ ಕೇಳಬಹುದು ಎಂದು ಚರ್ಚೆ ನಡೆಸುತ್ತಿದ್ದ ಮೇಷ್ಟರು ಹೇಳಿದ್ದೇ ತಡ, ಎದ್ದು ನಿಂತೇಬಿಟ್ಟರು. ನಾನು ತಲೆ ತಗ್ಗಿಸಿದೆ.

“ತಂಗಿ, ನಾ ಅಂಗಡ್ಯಾಗ ಕುಂತು ಗುಂಟೂರಿನ ವ್ಯಾಪಾರಸ್ಥರ ಕೂಡ ಮಾತಾಡ್ತೇನಿ. ಅವ್ರು ಬಾಜೂಕ ಕುಂತಂಗ ಆಗ್ತೈತಿ. ಹತ್ತಿರ ತರಂಗಿಲ್ಲ ಅಂದ್ರ ಹೆಂಗ?”

ಹುಡುಗಿ ಹೆದರಲಿಲ್ಲ. “ಕಾಕಾರ, ಒಂದು ಕೇಳ್ತೇನ್ರಿ. ಬಾಜೂಕ ಕುಂತವರ ಮುಂದ ನಾ ಬ್ಯಾರೆ ಕಡೆ ಅದೇನಿ ಅಂತ ಹೇಳಾಕ ಬರ್ತೈತೇನ್ರಿ?”

“ಹೆಂಗ ಬರ್ತೈತಿ? ಕಾಣ್ತೇವಲ್ಲ.”

“ಫೋನಿನ್ಯಾಗ ಹೇಳಾಕ ಬರ್ತೈತೇನ್ರಿ?”

ಅಪ್ಪನ ಕೈ ಜೇಬಿನ ಮೊಬೈಲಿನ ಮೇಲೆ ಹೋಯಿತು. ಅತ್ತೆಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, ಕೋಣೆಗೆಲ್ಲ ಕೇಳುವಂತೆ, “ಮುಂಜಾನೆ ಬಸ್ಸಿನ್ಯಾಗ ಕುಂತು ಅಂಗಡ್ಯಾಗ ಅದೇನಿ ಅಂದಾನ್ರಿ ಇಂವ” ಎಂದರು. ಮೇಷ್ಟರೇ ಮೊದಲು ನಕ್ಕರು. ಅಪ್ಪ ಜೇಬಿನ ಮೊಬೈಲನ್ನು ತೆಗೆದು ಚೀಲಕ್ಕೆ ಹಾಕಿಕೊಂಡು ಕುಳಿತರು.

ಮೂವರೂ ಮರಳಿ ಬಸ್ಸಿನಲ್ಲಿ ಕುಳಿತ ಮೇಲೆ ಅಪ್ಪ ಮೊಬೈಲನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ನನ್ನ ಆಸೆ ಮುಗಿಯಿತು ಎಂದುಕೊಂಡೆ. ನನಗೆ ಆ ಎರಡು ಜಡೆಯವಳ ಮೇಲೆ ಸಿಟ್ಟು ಬರಬೇಕಿತ್ತು. ಬದಲಿಗೆ, ಅವಳ ಹಾಗೆ ಒಮ್ಮೆಯಾದರೂ ಎದ್ದು ನಿಂತು ಮಾತಾಡುವ ಆಸೆ ಎದೆಯಲ್ಲಿ ಕೂತುಬಿಟ್ಟಿತ್ತು.

“ಆ ಹುಡುಗಿ ಯಾರ ಪೈಕಿ ಇರಬೇಕು?” ಎಂದು ಅಪ್ಪ ಕೊನೆಗೆ ಕೇಳಿದರು.

“ಒಕ್ಕಲುತನದವರಂತ. ಇಲ್ಲಿಗೆ ಬಂದಾಗ ಬಾಯೇ ಬಿಡ್ತಿರಲಿಲ್ಲಂತ. ಅಡಿಗಿಮನ್ಯಾಗ ಹೇಳಿದ್ರು” ಎಂದರು ಅತ್ತೆ.

“ಇಕಿನೂ ಹಂಗ ಮಾತಾಡಾಕ ಕಲ್ತು ಬಂದ್ರ ಮನ್ಯಾಗ ನನ್ನ ಗತಿ ಏನು?”

“ನಿನ್ನ ಎದುರು ಮಾತಾಡಾವ್ರು ಮನ್ಯಾಗ ಒಬ್ಬರಾದ್ರೂ ಬೇಕು. ನನಗ ವಯಸ್ಸಾತು. ಇಕಿನ್ನ ಆ ಕಾಲೇಜಿಗೇ ಹಚ್ಚು.”

ಹೀಗೆ ನಾನು ಅಲ್ಲಿ ಸೇರಿದೆ. ಹಾಡಲು ಹೋದ ನನ್ನನ್ನು ಎರಡೇ ದಿನದಲ್ಲಿ ಬಹಳ ಮರ್ಯಾದೆಯಿಂದ ತೋಟಕ್ಕೆ ಕಳಿಸಿದರು. ಮೊದಲ ಚರ್ಚೆಯಲ್ಲಿ “ಅಧ್ಯಕ್ಷರೇ” ಎಂದ ಮೇಲೆ ಮುಂದಿನ ಮಾತೇ ಹೊರಡಲಿಲ್ಲ. ಎರಡು ಜಡೆಯವಳು ಎದುರು ಪಕ್ಷದಲ್ಲಿದ್ದರೂ ಎದ್ದು ಬಂದು ನೀರು ಕೊಟ್ಟಳು. ದೀಪಾವಳಿಯ ಹೊತ್ತಿಗೆ ಮಾತು ಬಂತು. ರಜೆಯಲ್ಲಿ ಮನೆಗೆ ಹೋದಾಗ ಅಪ್ಪ ಊಟಕ್ಕೆ ಕೂತವರೇ, “ಇವತ್ತಿನ ವಿಷಯ ಏನು?” ಎಂದು ಕೇಳುತ್ತಿದ್ದರು. ತೀರ್ಪುಗಾರರು ಅತ್ತೆ. ಅವರು ಇಬ್ಬರ ಮಾತನ್ನೂ ಕೇಳದೆ ನನ್ನನ್ನೇ ಗೆಲ್ಲಿಸುತ್ತಿದ್ದರು.

ಮರುವರ್ಷ ಸಿಸ್ಟರ್ ನನ್ನನ್ನು ಕರೆದುಕೊಂಡು ಬ್ಯಾಡಗಿಗೇ ಪ್ರಚಾರಕ್ಕೆ ಬಂದರು. ಪಿಯುಸಿ ಹುಡುಗಿಯರು ತುಂಬಿದ ಒಂದು ಸಭಾಂಗಣ. ಸಿಸ್ಟರ್ ತಮ್ಮ ಅಚ್ಚಿನ ಕನ್ನಡದಲ್ಲಿ, ನೌಕರಿ ಸಿಗಬಹುದು, ಸಿಗದೆಯೂ ಇರಬಹುದು ಎಂದು ಆರಂಭಿಸಿದರು. ಹುಡುಗಿಯರು ಕಿಟಕಿಯ ಹೊರಗೆ ನೋಡತೊಡಗಿದರು. ಆಗ ಹಿಂದಿನ ಬಾಗಿಲಲ್ಲಿ ಅಪ್ಪ ಕಂಡರು. ಅಂಗಡಿ ಬಿಟ್ಟು ಬಂದಿದ್ದರು. ಸ್ವಲ್ಪ ಹೊತ್ತು ಕೇಳಿದರು, ಸಿಸ್ಟರ್ ತಮ್ಮ ಮಾಲನ್ನು ತಾವೇ ಹೀಗೆ ಅಗ್ಗ ಮಾಡುವುದನ್ನು ನೋಡಲಾಗದೆ ಸೀದಾ ವೇದಿಕೆಗೆ ಬಂದರು.

“ಎಲ್ಲಾರಿಗೂ ನೌಕರಿ ಸಿಗ್ತಾವ್ರವಾ, ಅಲ್ಲಿ ಕಲ್ತವರಿಗೆ” ಎಂದರು.

“ಇಲ್ಲ, ಹಾಗೆ ಹೇಳಲಾಗದು” ಎಂದರು ಸಿಸ್ಟರ್.

“ಲೈಬ್ರರಿ ನಮ್ಮ ಪ್ಯಾಟಿಯಷ್ಟು ದೊಡ್ಡದೈತಿ.”

“ಎರಡು ಕೋಣೆ ಅಷ್ಟೇ.”

“ಊಟ ಮಾತ್ರ ಮನಿಯೂಟ ಇದ್ದಂಗ.”

ಸಿಸ್ಟರ್ ಒಂದು ಕ್ಷಣ ಯೋಚಿಸಿದರು. “ರೊಟ್ಟಿ ಚೆನ್ನಾಗಿರುತ್ತದೆ. ಸಾರು ಅಷ್ಟಕ್ಕಷ್ಟೇ.”

ಹುಡುಗಿಯರು ಕಿಟಕಿ ಬಿಟ್ಟು ಇತ್ತ ತಿರುಗಿದ್ದರು. ನಾನು ಹೇಳಬೇಕಾಗಿದ್ದ ಭಾಷಣಕ್ಕೆ ಸಮಯವೇ ಉಳಿಯಲಿಲ್ಲ.

ಆ ವರ್ಷ ಬ್ಯಾಡಗಿಯಿಂದ ಮೂವರು ಸೇರಿದರು. ತಮ್ಮ ಮಾತಿನಿಂದಲೇ ಎಂದು ಅಪ್ಪ ಪೇಟೆಯಲ್ಲೆಲ್ಲ ಹೇಳಿಕೊಂಡರು. ಸತ್ಯ ಹೇಳಿದ್ದರಿಂದ ಎಂದು ಸಿಸ್ಟರ್ ಸಂತೋಷಪಟ್ಟರು. ಮೂವರಲ್ಲಿ ಒಬ್ಬಳು ನನ್ನ ಕೋಣೆಗೇ ಬಂದಳು. ಟ್ರಂಕು ಬಿಚ್ಚುತ್ತಿದ್ದವಳನ್ನು, ಈ ಕಾಲೇಜನ್ನೇ ಯಾಕೆ ಆರಿಸಿಕೊಂಡೆ ಎಂದು ಕೇಳಿದೆ.

“ಹಾವೇರಿ ಕಾಲೇಜಿನವರೂ ಬಂದಿದ್ರು. ನಿದ್ದಿ ಬಂತು” ಎಂದಳು. “ನಿಮ್ಮದು ಚಲೋ ಜಗಳ ಇತ್ತು.”