ಗಡಿಬಿಡಿಯ ವಂಶಾವಳಿ

ನಮ್ಮ ಚಿಕ್ಕಪ್ಪ ರಬ್ಬರ್ ಸೀಲು ಮಾಡುವವನು. ಊರಿನಲ್ಲಿ ಯಾರಿಗೆ ಅಧಿಕಾರ ಬಂದರೂ ಮೊದಲು ಅವನ ಅಂಗಡಿಗೆ ಬರಬೇಕು. ಕುರ್ಚಿಯ ಮಾತು ಆಮೇಲೆ. ಮೆಟ್ಟಿಲ ಕೆಳಗಿನ ಆ ಇಕ್ಕಟ್ಟು ಜಾಗದಲ್ಲಿ ಒಂದು ಮೇಜು, ಒಂದು ದೀಪ, ಸುಟ್ಟ ರಬ್ಬರಿನ ವಾಸನೆ, ಮೇಜಿನ ಕೆಳಗೆ ಒಂದು ನಾಯಿ. ನಾಯಿಯ ಹೆಸರು ಗಡಿಬಿಡಿ. ಕರೆದರೆ ಒಂದು ಕಣ್ಣು ತೆರೆದು, ಹೋಗಬೇಕೋ ಬೇಡವೋ ಎಂದು ಯೋಚಿಸುವಷ್ಟು ಸೋಮಾರಿಗೆ ಆ ಹೆಸರಿಟ್ಟವಳು ಚಿಕ್ಕಮ್ಮ. ಮಾರುಕಟ್ಟೆಯ ಹಿಂದಿನ ಚರಂಡಿಯಲ್ಲಿ ಸಿಕ್ಕ ಮರಿ ಅದು. ಮಕ್ಕಳಿಲ್ಲದ ಆ ಮನೆಯಲ್ಲಿ ಮುದ್ದು ಮಾಡಿಸಿಕೊಳ್ಳಲು, ಬೈಸಿಕೊಳ್ಳಲು ಒಬ್ಬರು ಬೇಕಾಗಿತ್ತು, ಎರಡೂ ಕೆಲಸಕ್ಕೆ ಗಡಿಬಿಡಿ ಸೇರಿಕೊಂಡಿತು.

ಒಂದು ದಿನ ನಾಯಿ ದಲ್ಲಾಳಿಯೊಬ್ಬ ಅಂಗಡಿಗೆ ಬಂದ. ಬೆರಕೆ ಮರಿಗಳನ್ನು ಶುದ್ಧ ತಳಿಯವೆಂದು ಮಾರುವುದು ಅವನ ಕಸುಬು. ಮರಿಗಳು ಅವನಲ್ಲಿ ಬೇಕಾದಷ್ಟಿದ್ದವು, ಕೊರತೆ ಇದ್ದದ್ದು ತಾತ ಮುತ್ತಾತಂದಿರಿಗೆ. ‘ವಿಶ್ವ ಶುದ್ಧತಳಿ ಶ್ವಾನ ಪರಿಷತ್ತು’ ಎಂದು ಸೀಲು ಬೇಕು, ನಡುವೆ ಕಿರೀಟ, ಆಚೀಚೆ ಎರಡು ನಾಯಿ ಇರಬೇಕು ಎಂದ. ಚಿಕ್ಕಪ್ಪ ಕೆತ್ತಿದ ನಾಯಿಗಳು ಸ್ವಲ್ಪ ಮೇಕೆಗಳ ಹಾಗೆ ಕಂಡರೂ ಕಿರೀಟ ಬಹಳ ಚೆನ್ನಾಗಿ ಬಂತು. ದಲ್ಲಾಳಿ ಮೆಚ್ಚಿಕೊಂಡು, ಸೀಲನ್ನು ಮಾತ್ರ ತೆಗೆದುಕೊಳ್ಳಲಿಲ್ಲ.

“ನಿಮ್ಮ ಹತ್ರಾನೇ ಇರ್ಲಿ ಅಣ್ಣ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ನೀವೇ ಪತ್ರ ಬರ್ದು ಒತ್ಕೊಡಿ.”

ಹೀಗೆ ವಿಶ್ವ ಪರಿಷತ್ತು ನಮ್ಮ ಚಿಕ್ಕಪ್ಪನ ಡ್ರಾಯರಿನಲ್ಲಿ, ಅಂಟಿನ ಡಬ್ಬಿಯ ಪಕ್ಕದಲ್ಲಿ ನೆಲೆಸಿತು. ಅಧ್ಯಕ್ಷರ ಸಹಿಯನ್ನು ಅವನು ಎಡಗೈಯಲ್ಲಿ ಹಾಕುತ್ತಿದ್ದ. ನಮ್ಮ ಮನೆತನದಲ್ಲಿ ಅಜ್ಜನ ಅಪ್ಪನ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುವವನು, ಕಂಡವರ ನಾಯಿಗಳಿಗೆ ಏಳು ತಲೆಮಾರು ದಯಪಾಲಿಸಿದ. ಒಂದರ ಮುತ್ತಾತ ಮೂರು ದೇಶ ಗೆದ್ದು ಬಂದ ಚಾಂಪಿಯನ್, ಇನ್ನೊಂದರ ಮುತ್ತಜ್ಜಿ ಅರಮನೆಯಲ್ಲೇ ಹುಟ್ಟಿ ಅರಮನೆಯಲ್ಲೇ ಸತ್ತವಳು. ಕೊಂಡವರು ನಾಯಿಯನ್ನು ಹಿತ್ತಲಲ್ಲಿ ಕಟ್ಟಿ, ಪತ್ರಕ್ಕೆ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕುತ್ತಿದ್ದರು.

ತೊಂದರೆ ಇದ್ದದ್ದು ಒಂದೇ ಕಡೆ, ‘ಗುರುತು’ ಎಂಬ ಜಾಗದಲ್ಲಿ. ಚಿಕ್ಕಪ್ಪ ಆ ನಾಯಿಗಳನ್ನು ಕಣ್ಣಾರೆ ಕಂಡವನಲ್ಲ. ದಲ್ಲಾಳಿ ಫೋನಿನಲ್ಲಿ ತಳಿಯ ಹೆಸರು ಹೇಳಿ ಇಡುತ್ತಿದ್ದ. ಹಾಗಾಗಿ ಚಿಕ್ಕಪ್ಪ ಬಗ್ಗಿ ಮೇಜಿನ ಕೆಳಗೆ ನೋಡಿ ಬರೆದುಬಿಡುತ್ತಿದ್ದ: ಕಂದು ಮೈ, ಬಲಗಿವಿ ಮಡಚಿದೆ, ಎದೆಯ ಮೇಲೆ ಬಿಳಿ ಮಚ್ಚೆ, ಹಿಂದಿನ ಎಡಗಾಲು ಮಾತ್ರ ಬಿಳಿ, ಬಾಲದ ತುದಿ ಸೊಟ್ಟ. ತಳಿ ಯಾವುದಾದರೂ ಆಗಲಿ, ಬಾಲ ಸೊಟ್ಟವೇ.

“ರೀ, ಎಲ್ಲಾ ನಾಯಿಗೂ ನಮ್ಮ ಗಡಿಬಿಡಿ ಮುಖಾನೇ ಅಂಟಿಸ್ತಿದ್ದೀರಲ್ಲ, ಯಾರಾದ್ರೂ ನೋಡಿದ್ರೆ?” ಎಂದು ಚಿಕ್ಕಮ್ಮ ಕೇಳಿದಳು.

“ನಾಯಿ ಯಾರು ನೋಡ್ತಾರೆ ಬಿಡೇ. ಎಲ್ರೂ ಸೀಲು ನೋಡೋದು.”

ಮಾತು ನಿಜವೇ ಆಗಿತ್ತು. ಎಷ್ಟು ನಿಜ ಎಂಬುದು ಅವನಿಗೆ ತಿಳಿದದ್ದು ಗಡಿಬಿಡಿ ಜನ್ಮದಲ್ಲಿ ಮೊದಲ ಸಲ ಗಡಿಬಿಡಿ ಮಾಡಿದಾಗ. ಯಾವುದೋ ಬೆಕ್ಕಿನ ಹಿಂದೆ ಬಿದ್ದು ಬೀದಿ ದಾಟಿ, ನಾಯಿ ಹಿಡಿಯುವವರ ಗಾಡಿ ಹತ್ತಿತು. ಚಿಕ್ಕಮ್ಮ ಒಲೆ ಹಚ್ಚಲಿಲ್ಲ. ಚಿಕ್ಕಪ್ಪ ನನ್ನನ್ನೂ ಎಳೆದುಕೊಂಡು ನಾಯಿದೊಡ್ಡಿಗೆ ಓಡಿದ.

ಅಲ್ಲಿ ಅಧಿಕಾರಿಯ ಎದುರು ಒಬ್ಬರು ಮೇಡಂ ಆಗಲೇ ಕೂತಿದ್ದರು. ತೊಡೆಯ ಮೇಲೆ ಕಟ್ಟು ಹಾಕಿಸಿದ ಪತ್ರ. ಕಿರೀಟ, ಎರಡು ಮೇಕೆ. ಚಿಕ್ಕಪ್ಪನ ಮುಖದಿಂದ ಬೆವರಿಳಿಯಿತು.

ಹೋದ ವರ್ಷ ಮನೆ ಬಿಟ್ಟು ಓಡಿಹೋಗಿದ್ದ ತಮ್ಮ ನಾಯಿ ಪ್ರಿನ್ಸ್ ಸಿಕ್ಕಿದ್ದಾನೆಂದು ಮೇಡಂ ಕಣ್ಣೊರೆಸಿಕೊಳ್ಳುತ್ತಿದ್ದರು. “ಅವನ ಕಿವಿ ನೆಟ್ಟಗಿತ್ತು ಅಂತಾನೇ ನನ್ನ ನೆನಪು. ಪತ್ರ ತೆಗ್ದು ನೋಡಿದ್ರೆ ಮಡಚಿದೆ ಅಂತಿದೆ. ನಾವೇ ಸರಿಯಾಗಿ ನೋಡಿರ್ಲಿಲ್ಲ, ಪಾಪ.”

ಅಧಿಕಾರಿ ಪತ್ರ ಓದುತ್ತ, ಸರಳಿನಾಚೆ ಮಲಗಿದ್ದ ನಾಯಿಯ ಒಂದೊಂದೇ ಅಂಗ ತಾಳೆ ನೋಡಿದ. ಕಿವಿ, ಎದೆ, ಕಾಲು, ಬಾಲ. ಎಲ್ಲ ಕೂದಲೆಳೆಯಷ್ಟೂ ತಪ್ಪಿಲ್ಲದೆ ಕೂಡಿಬಂತು.

“ಗಡಿಬಿಡೀ,” ಎಂದ ಚಿಕ್ಕಪ್ಪ. ನಾಯಿ ಎರಡೂ ಕಣ್ಣು ತೆರೆಯಿತು. ಯೋಚನೆ ಮಾಡದೆ ಎದ್ದು ಬಂದು ಸರಳಿನ ಸಂದಿಯಲ್ಲಿ ಮೂತಿ ತೂರಿಸಿತು.

“ಕರೆದ್ರೆ ಎಲ್ಲಾ ನಾಯೀನೂ ಬರುತ್ತೆ ಯಜಮಾನ್ರೇ,” ಎಂದ ಅಧಿಕಾರಿ. “ಪತ್ರ ಇದ್ಯಾ?”

ಇರಲಿಲ್ಲ. ಮನೆಯದೇ ನಾಯಿ, ಅದಕ್ಕೇಕೆ ಪತ್ರ ಎಂದುಕೊಂಡಿದ್ದ. ಈಗ ಸುಮ್ಮನಿದ್ದರೆ ಗಡಿಬಿಡಿ ಹೋಗುತ್ತದೆ, ಬಾಯಿ ಬಿಟ್ಟರೆ ಪರಿಷತ್ತು, ಮಾನ, ಅಂಗಡಿ ಎಲ್ಲ ಹೋಗುತ್ತದೆ. ಚಿಕ್ಕಪ್ಪ ಬಾಯಿ ಬಿಟ್ಟ. ಅವನ ಮೇಲೆ ನನಗೆ ಅಭಿಮಾನ ಉಕ್ಕಿದ್ದು ಅದೊಂದೇ ಸಲ.

“ಸಾರ್, ಆ ಪತ್ರ ಸುಳ್ಳು. ಪರಿಷತ್ತೂ ಇಲ್ಲ, ಅಧ್ಯಕ್ಷರೂ ಇಲ್ಲ, ಎಲ್ಲಾ ನಾನೇ. ಆ ಗುರುತು ಇದೆಯಲ್ಲ, ಅದನ್ನ ಬರ್ದಿದ್ದು ನನ್ನ ಮೇಜಿನ ಕೆಳಗೆ ಮಲಗಿದ್ದ ಇದೇ ನಾಯೀನ ನೋಡ್ಕೊಂಡು.”

ಅಧಿಕಾರಿ ಕನ್ನಡಕ ತೆಗೆದ. “ಅಂದ್ರೆ ಪತ್ರದಲ್ಲಿರೋದು ಇದೇ ನಾಯಿ.”

“ಹೌದು ಸಾರ್, ಇದೇ. ಆಣೆ ಮಾಡಿ ಹೇಳ್ತೀನಿ.”

“ಪತ್ರ ಯಾರ ಹೆಸರಲ್ಲಿದೆ?”

ಅಧಿಕಾರಿ ಪತ್ರವನ್ನು ಚಿಕ್ಕಪ್ಪನ ಕಡೆ ತಿರುಗಿಸಿ ಹಿಡಿದ.

“ಮೇಡಂ ಹೆಸರಲ್ಲಿದೆ. ನಾಯಿ ಇದೇ ಅಂತ ನೀವೇ ಒಪ್ಕೊಂಡ್ರಿ. ಮತ್ತೆ ಇನ್ನೇನ್ರೀ?”

“ಒಳ್ಳೆ ಜಾತಿ ನಾಯಿ ಕಂಡ್ರೆ ಏನೇನ್ ಕತೆ ಕಟ್ತಾರಪ್ಪ,” ಎಂದು ಮೇಡಂ ಮೂಗು ಮುರಿದರು. ಅಧಿಕಾರಿ ಬಿಡುಗಡೆಯ ಚೀಟಿಗೆ ಸೀಲು ಒತ್ತಿದ. ಆ ಸೀಲೂ ನಮ್ಮ ಅಂಗಡಿಯದೇ. ಅಕ್ಷರ ಒಂದೂ ಮಸುಕಾಗಲಿಲ್ಲ. ಗಡಿಬಿಡಿ ಮೇಡಂ ಕಾರಿನ ಕಿಟಕಿಯಿಂದ ನಮ್ಮನ್ನೇ ನೋಡುತ್ತ ಹೋಯಿತು. ನನಗೆ ಅಧಿಕಾರಿಯನ್ನು ಹಿಡಿದು ಅಲುಗಾಡಿಸಬೇಕೆನ್ನಿಸಿತು, ಆದರೆ ಅವನ ಲೆಕ್ಕದಲ್ಲಿ ತಪ್ಪೆಲ್ಲಿದೆ ಎಂದು ನನಗೂ ಹೇಳಲು ಬರಲಿಲ್ಲ.

“ಊರಿನ ನಾಯಿಗೆಲ್ಲ ವಂಶ ಕೊಟ್ರಿ. ಮನೆ ಮಗೂಗೆ ಒಂದು ಚೀಟಿ ಬರ್ಯೋಕಾಗ್ಲಿಲ್ವಾ?” ಎಂದಷ್ಟೇ ಹೇಳಿ, ಬರಿಗೈಯಲ್ಲಿ ಮನೆಗೆ ಬಂದ ನಮ್ಮನ್ನು ಬಾಗಿಲಲ್ಲೇ ಬಿಟ್ಟು ಚಿಕ್ಕಮ್ಮ ಒಳಗೆ ಹೋಗಿ ಅತ್ತಳು.

ಮರುದಿನ ಅಂಗಡಿಯಲ್ಲಿ ಫೋನು ಬಂತು. ದಲ್ಲಾಳಿಗೆ ಇನ್ನೊಂದು ಪತ್ರ ಬೇಕಿತ್ತು. ಚಿಕ್ಕಪ್ಪ ಫೋನನ್ನು ಹೆಗಲಿಗೆ ಒತ್ತಿಕೊಂಡೇ ತಾತನನ್ನು ಬರೆದ, ಮುತ್ತಾತನನ್ನು ಬರೆದ, ಗುರುತಿನ ಜಾಗಕ್ಕೆ ಬಂದಾಗ ಅಭ್ಯಾಸಬಲದಿಂದ ಮೇಜಿನ ಕೆಳಗೆ ಬಗ್ಗಿದ. ಬಗ್ಗಿದವನು ಬೇಗ ಏಳಲಿಲ್ಲ.

“ನಾಯೀನ ಕರ್ಕೊಂಡ್ ಬಾ,” ಎಂದ ಕೊನೆಗೆ. “ನೋಡ್ದೆ ಬರ್ಯೋಕಾಗಲ್ಲ.”

ಆ ಕಡೆಯಿಂದ ನಗು ಕೇಳಿಸಿತು. “ಅದ್ಯಾಕಣ್ಣ? ನೋಡ್ಕೊಂಡು ಬರ್ಯೋಕೆ ನಿಮ್ಮ ಮೇಜಿನ ಕೆಳಗೇ ಒಂದಿದೆಯಲ್ಲ.”

“ಅದು ಬೇರೆಯವರದು ಕಣೋ,” ಎಂದ ಚಿಕ್ಕಪ್ಪ. “ಪತ್ರ ಇದೆ. ನಾನೇ ಬರ್ದಿದ್ದು.”